ಒಂದು ಯೂರೋ ಮನೆಯ ಋಣ

ಸಿಸಿಲಿ ದ್ವೀಪದ ಒಳನಾಡಿನಲ್ಲಿ ಸಂಬೂಕಾ ಎಂಬ ಸಣ್ಣ ಊರಿದೆ. 2019ರ ಆರಂಭದಲ್ಲಿ ಅಲ್ಲಿನ ಪುರಸಭೆ ಪಾಳುಬಿದ್ದ 16 ಮನೆಗಳನ್ನು ತಲಾ ಒಂದು ಯೂರೋಗೆ ಮಾರುತ್ತೇವೆ ಎಂದು ಸಾರಿತು. ಒಂದು ಯೂರೋ ಎಂದರೆ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಒಂದು ಊಟ, ಮೇಲೊಂದು ಚಹಾ. ಸುದ್ದಿ ಜಗತ್ತೆಲ್ಲ ಹರಡಿತು. ದೇಶದೇಶಗಳಿಂದ ಪತ್ರಗಳು, ಫೋನುಗಳು ಬಂದವು. ನಿಜಕ್ಕೂ ಅದೊಂದು ಹರಾಜು. ಒಂದು ಯೂರೋ ಕೂಗಿನ ಆರಂಭವಷ್ಟೇ, ಹೆಚ್ಚಿನ ಮನೆಗಳು ಸಾವಿರಾರು ಯೂರೋಗೆ ಏರಿದವು. ಮೂರು ವರ್ಷದೊಳಗೆ ದುರಸ್ತಿ ಮುಗಿಸಬೇಕು, 5,000 ಯೂರೋ ಠೇವಣಿ ಇಡಬೇಕು ಎಂಬ ಷರತ್ತೂ ಇತ್ತು. ಅಮೆರಿಕದ ನಟಿ ಲೊರೇನ್ ಬ್ರಾಕೋ ಅಲ್ಲೊಂದು ಮನೆ ಕೊಂಡು, ಅದನ್ನು ನೇರ್ಪು ಮಾಡಿಸಿದ್ದು ಟಿವಿ ಕಾರ್ಯಕ್ರಮವೂ ಆಯಿತು. ಸಾರ್ಡಿನಿಯಾದ ಒಲ್ಲೊಲಾಯ್, ಸಿಸಿಲಿಯ ಗಾಂಜಿ, ಮುಸ್ಸೊಮೇಲಿ, ಹೀಗೆ ಸಾಲುಸಾಲು ಊರುಗಳು ಇದೇ ದಾರಿ ಹಿಡಿದಿವೆ.

ನಾನು ಇಟಲಿ ನೋಡಿದವಳೂ ಅಲ್ಲ, ಅಲ್ಲಿ ಮನೆ ಕೊಳ್ಳುವ ಶಕ್ತಿ ಇರುವವಳೂ ಅಲ್ಲ. ಆದರೂ ಪ್ರಬಂಧದ ಅಧ್ಯಾಯ ಮುಂದೆ ಸಾಗದ ರಾತ್ರಿಗಳಲ್ಲಿ ಆ ಮನೆಗಳ ಜಾಹೀರಾತು ನೋಡುವ ಚಟ ನನಗಿದೆ. ಕುಸಿದ ಮಾಡು, ಗೋಡೆಯೊಳಗಿಂದ ಹೊರಟ ಅಂಜೂರದ ಗಿಡ, ಯಾರೋ ಬಿಟ್ಟುಹೋದ ಕಬ್ಬಿಣದ ಮಂಚ. ಕೆಳಗೆ ಮನೆಯ ವಿಸ್ತೀರ್ಣ, ಬೆಲೆ, ದೂರದ ವಿಮಾನ ನಿಲ್ದಾಣದ ಹೆಸರು. ಮಂಚ ಯಾರದು ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ನೈತಿಕವಾಗಿ ನನ್ನನ್ನು ಕಾಡುವ ಪ್ರಶ್ನೆ ಆ ಮಂಚದ್ದೇ. ಒಬ್ಬರು ಬಿಟ್ಟುಹೋದ ಮನೆಯನ್ನು ಇನ್ನೊಬ್ಬರು ಕಾನೂನುಬದ್ಧವಾಗಿ, ಪೂರ್ತಿ ದುಡ್ಡು ಕೊಟ್ಟು ಕೊಂಡಮೇಲೆ ಇನ್ನೇನಾದರೂ ಬಾಕಿ ಉಳಿಯುತ್ತದೆಯೇ? ಉಳಿದರೆ ಅದು ಯಾರಿಗೆ ಸಲ್ಲಬೇಕಾದ ಬಾಕಿ?

ಇದಕ್ಕೆ ಉತ್ತರ ಹುಡುಕುವ ಮೊದಲು ಮನೆಗಳು ಖಾಲಿಯಾದದ್ದು ಹೇಗೆ ಎಂದು ನೋಡಬೇಕು. ದಕ್ಷಿಣದಲ್ಲಿ ಅಮೆರಿಕ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಜರ್ಮನಿಗಳಿಗೆ ಹೋದ ವಲಸೆಯ ಕಥೆ ಎಲ್ಲರಿಗೂ ಗೊತ್ತು. ನಡು ಇಟಲಿಯ ಕಥೆ ಅಷ್ಟು ಗೊತ್ತಿಲ್ಲ. ಟಸ್ಕನಿ, ಉಂಬ್ರಿಯಾ, ಮಾರ್ಕೆ ಪ್ರಾಂತ್ಯಗಳ ಗುಡ್ಡಗಳ ಮೇಲೆ ಒಂಟಿಯಾಗಿ ನಿಂತ, ಎರಡು ಬದಿಗೆ ಸೈಪ್ರಸ್ ಮರಗಳಿರುವ ಕಲ್ಲಿನ ಮನೆಯನ್ನು ಕ್ಯಾಲೆಂಡರುಗಳಲ್ಲಿ ನೀವೂ ನೋಡಿರುತ್ತೀರಿ. ಅಂಥ ಮನೆಗಳಲ್ಲಿ ಬಹಳಷ್ಟು ಅದರಲ್ಲಿ ಬಾಳಿದವರದಾಗಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಮೆಜ್ಜಾದ್ರಿಯಾ, ನಮ್ಮ ಮಾತಿನಲ್ಲಿ ಅರ್ಧ ಪಾಲಿನ ಬೇಸಾಯ. ಜಮೀನು ಮತ್ತು ಮನೆ ಧಣಿಯದು, ದುಡಿಮೆ ಒಕ್ಕಲಿನದು, ಬೆಳೆ ಸರಿಪಾಲು. ಕರಾರು ಒಬ್ಬ ಮನುಷ್ಯನ ಜೊತೆಗಲ್ಲ, ಇಡೀ ಕುಟುಂಬದ ಜೊತೆ. ಎಷ್ಟೋ ಕಡೆ ಮನೆಯ ಮಕ್ಕಳ ಮದುವೆಗೂ ಧಣಿಯ ಒಪ್ಪಿಗೆ ಬೇಕಿತ್ತು. ಸೊಸೆ ಬಂದರೆ ದುಡಿಯುವ ಕೈ ಹೆಚ್ಚುತ್ತದೆ, ತಿನ್ನುವ ಬಾಯಿಯೂ ಹೆಚ್ಚುತ್ತದೆ, ಆ ಲೆಕ್ಕ ಧಣಿ ನೋಡಬೇಕು. ಹಬ್ಬಕ್ಕೆ ಧಣಿಯ ಮನೆಗೆ ಇಷ್ಟು ಕೋಳಿ, ಇಷ್ಟು ಮೊಟ್ಟೆ ಮುಟ್ಟಿಸಬೇಕು. ನಮ್ಮ ಹಳ್ಳಿಗಳಲ್ಲಿ ಹಿರಿಯರಿಂದ ಗೇಣಿಯ ಕಥೆ ಕೇಳಿದ ಯಾರಿಗೂ ಇದು ಪರದೇಶದ ಕಥೆ ಅನ್ನಿಸಲಾರದು.

ಮನೆಯ ಕಟ್ಟೋಣವೂ ಈ ಲೆಕ್ಕಕ್ಕೆ ತಕ್ಕಂತೆಯೇ ಇತ್ತು. ಕೆಳಗೆ ಎತ್ತುಗಳ ಕೊಟ್ಟಿಗೆ, ಮೇಲೆ ಅಡುಗೆಮನೆ ಮತ್ತು ಮಲಗುವ ಕೋಣೆಗಳು. ಚಳಿಗಾಲದಲ್ಲಿ ದನಗಳ ಮೈಯ ಬಿಸಿ ಮರದ ಹಾಸಿನ ಸಂದಿಯಿಂದ ಮೇಲಕ್ಕೆ ಏರುತ್ತಿತ್ತು, ವಾಸನೆಯೂ ಏರುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಟಸ್ಕನಿಯನ್ನು ಆಳಿದ ಪಿಯೆತ್ರೋ ಲೆಯೊಪೋಲ್ದೋನ ಹೆಸರಿನಲ್ಲಿ ಲೆಯೊಪೋಲ್ದೀನಾ ಎಂದು ಕರೆಯುವ ಅಚ್ಚುಕಟ್ಟಾದ ರೈತಮನೆಗಳು ವಾಲ್ ದಿ ಕಿಯಾನಾ ಕಣಿವೆಯಲ್ಲಿ ಇಂದಿಗೂ ಇವೆ. ನೆತ್ತಿಯ ಮೇಲೆ ಪಾರಿವಾಳದ ಗೂಡಿನ ಗೋಪುರ. ಅವನ್ನು ಒಕ್ಕಲುಗಳ ಆರೋಗ್ಯ, ಜಮೀನಿನ ಹುಟ್ಟುವಳಿ ಎರಡನ್ನೂ ಯೋಚಿಸಿ ಕಟ್ಟಿದ್ದು. ಒಳ್ಳೆಯ ಮನೆಗಳೇ. ಆದರೆ ಒಕ್ಕಲಿನವನಿಗೆ ಅಲ್ಲಿ ಒಂದು ಮೊಳೆ ಹೊಡೆಯುವುದೂ ಧಣಿಯ ಗೋಡೆಗೆ ಹೊಡೆದ ಮೊಳೆಯೇ.

ಇದನ್ನು ನನಗೆ ಯಾವ ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿದ್ದು ಎರ್ಮಾನ್ನೋ ಓಲ್ಮಿಯ ಸಿನಿಮಾ. 1978ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಮರದ ಮೆಟ್ಟುಗಳ ಮರ’. ನಡು ಇಟಲಿಯದಲ್ಲ, ಉತ್ತರದ ಬೆರ್ಗಾಮೋ ಸೀಮೆಯದು. ಹತ್ತೊಂಬತ್ತನೇ ಶತಮಾನದ ಕೊನೆ, ಒಂದೇ ಅಂಗಳದ ಸುತ್ತ ಕೆಲವು ರೈತ ಕುಟುಂಬಗಳು. ನಟಿಸಿದವರು ಆ ಸೀಮೆಯ ರೈತರೇ. ಒಬ್ಬ ಹುಡುಗ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಾನೆ. ಅವನ ಮರದ ಮೆಟ್ಟು ಒಡೆದುಹೋಗುತ್ತದೆ. ಅಪ್ಪ ರಾತ್ರಿ ಕದ್ದು ಧಣಿಯ ಒಂದು ಮರ ಕಡಿದು ಹೊಸ ಮೆಟ್ಟು ಕೆತ್ತುತ್ತಾನೆ. ಧಣಿಗೆ ಗೊತ್ತಾಗುತ್ತದೆ. ಕುಟುಂಬ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಕತ್ತಲಲ್ಲಿ ಹೊರಡುತ್ತದೆ, ಉಳಿದವರು ಕಿಟಕಿಯಿಂದ ನೋಡುತ್ತಾರೆ. ಯಾರೂ ಕಿರುಚುವುದಿಲ್ಲ. ಉತ್ತರ ಇಟಲಿಯ ಮಾತಿನಲ್ಲಿ ‘ಸಾನ್ ಮಾರ್ತೀನೋ ಮಾಡುವುದು’ ಎಂದರೆ ಮನೆ ಖಾಲಿ ಮಾಡುವುದು. ಬೇಸಾಯದ ಕರಾರುಗಳು ಮುಗಿಯುತ್ತಿದ್ದದ್ದು ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದ ದಿನ. ಒಬ್ಬ ಸಂತನ ಹೆಸರು ಎತ್ತಂಗಡಿಗೆ ಪರ್ಯಾಯವಾದ ಇನ್ನೊಂದು ಭಾಷೆ ನನಗೆ ಗೊತ್ತಿಲ್ಲ.

1964ರಲ್ಲಿ ಹೊಸ ಮೆಜ್ಜಾದ್ರಿಯಾ ಕರಾರುಗಳನ್ನು ಕಾನೂನು ನಿಷೇಧಿಸಿತು. ಅಷ್ಟರಲ್ಲಿ ಜನ ಆಗಲೇ ಹೊರಟಿದ್ದರು, ಕಾರ್ಖಾನೆಗಳ ಕಡೆಗೆ, ನಗರಗಳ ಅಂಚಿನ ಅಪಾರ್ಟ್‌ಮೆಂಟುಗಳ ಕಡೆಗೆ. ಅಲ್ಲಿ ಏನಿತ್ತು? ನಲ್ಲಿ, ಬಚ್ಚಲು, ದೀಪ, ತಿಂಗಳಿಗೊಮ್ಮೆ ಸಂಬಳ. ಮೊದಲು ನಿರ್ಧರಿಸಿದವರು ಅನೇಕ ಕಡೆ ಹೆಣ್ಣುಮಕ್ಕಳು. ರೈತನನ್ನು ಮದುವೆಯಾಗಲು ಅವರು ಒಲ್ಲೆ ಅಂದರು. ಪೀಡ್‌ಮಾಂಟಿನ ಲಾಂಗೆ ಗುಡ್ಡಗಳಲ್ಲಿ ಉಳಿದುಹೋದ ಗಂಡಸರಿಗೆ ಮದುವೆ ದಲ್ಲಾಳಿಗಳು ದೂರದ ಕಲಾಬ್ರಿಯಾದಿಂದ ವಧುಗಳನ್ನು ತಂದರು. ಆ ಹೆಂಗಸರ ಮಾತುಗಳನ್ನು ನೂತೋ ರೆವೆಲ್ಲಿ ಎಂಬ ಬರಹಗಾರ ಹಳ್ಳಿಹಳ್ಳಿ ತಿರುಗಿ ದಾಖಲಿಸಿ 1985ರಲ್ಲಿ ಪುಸ್ತಕ ಮಾಡಿದ. ಇದನ್ನು ಇಷ್ಟು ಹೇಳಲು ಕಾರಣವಿದೆ. ನಾವು ಫಿಲಾಸಫಿ ಓದುವವರು ‘ನೆಲೆಸುವುದು’ ಎಂಬ ಮಾತು ಬಂದ ಕೂಡಲೇ ಹೈಡೆಗ್ಗರ್ 1951ರಲ್ಲಿ ವರ್ಣಿಸಿದ ಬ್ಲ್ಯಾಕ್ ಫಾರೆಸ್ಟಿನ ರೈತಮನೆಯನ್ನು ಎತ್ತಿಕೊಳ್ಳುತ್ತೇವೆ. ಗಾಳಿಗೆ ಮರೆಯಾದ ಇಳಿಜಾರು, ಊಟದ ಮೇಜಿನ ಹಿಂದೆ ದೇವರ ಮೂಲೆ, ಹೆರಿಗೆಗೂ ಸಾವಿಗೂ ಒಂದೊಂದು ಜಾಗ. ಚಂದದ ವರ್ಣನೆ. ಆ ಮನೆಯಲ್ಲಿ ನೀರು ಹೊತ್ತವರು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ.

ಒಕ್ಕಲುಗಳು ಇಳಿದುಹೋದ ಗುಡ್ಡವನ್ನು ಕೆಲವೇ ವರ್ಷಗಳಲ್ಲಿ ಬೇರೆಯವರು ಹತ್ತಿ ಬಂದರು. ಮಿಲಾನಿನವರು, ರೋಮಿನವರು, ಜರ್ಮನ್ನರು, ಇಂಗ್ಲಿಷರು. ಕಿಯಾಂತಿ ಸೀಮೆಯನ್ನು ಇಂಗ್ಲೆಂಡಿನ ಒಂದು ಜಿಲ್ಲೆಯೋ ಎಂಬಂತೆ ‘ಕಿಯಾಂತಿಶೈರ್’ ಎಂದು ತಮಾಷೆ ಮಾಡುವಷ್ಟು. 1996ರಲ್ಲಿ ಫ್ರಾನ್ಸೆಸ್ ಮೇಯ್ಸ್ ಎಂಬ ಅಮೆರಿಕನ್ ಲೇಖಕಿ ಕೊರ್ತೋನಾದಲ್ಲಿ ತಾನು ಹಳೆಮನೆ ಕೊಂಡು ಸರಿಪಡಿಸಿದ ಕಥೆ ಬರೆದ ಮೇಲೆ, 2003ರಲ್ಲಿ ಅದು ಸಿನಿಮಾವೂ ಆದ ಮೇಲೆ, ಈ ಹಂಬಲಕ್ಕೆ ಒಂದು ಸಿದ್ಧ ರೂಪವೇ ಸಿಕ್ಕಿತು. ಬದುಕಿನಲ್ಲಿ ಏನೋ ಮುರಿದಿದೆ, ಹಳೆಯ ಮನೆಯೂ ಮುರಿದಿದೆ, ಎರಡೂ ಒಟ್ಟಿಗೆ ರಿಪೇರಿಯಾಗುತ್ತವೆ.

ರಿಪೇರಿಯಾದ ಮನೆಯ ಫೋಟೋಗಳನ್ನು ನೋಡಿ. ಕೊಟ್ಟಿಗೆ ಈಗ ಹಜಾರ. ಮೇವಿನ ಗೊಂತಿನಲ್ಲಿ ಪುಸ್ತಕ. ಒಳಗೆ ನಾಲ್ಕು ಬಚ್ಚಲುಮನೆ, ಹೊರಗೆ ಈಜುಕೊಳ. ಇದರಲ್ಲಿ ನನಗೆ ತಕರಾರಿಲ್ಲ. ಬಚ್ಚಲು ಇಲ್ಲದ್ದಕ್ಕೇ ಅಲ್ಲವೇ ಮೊದಲಿನವರು ಹೋದದ್ದು. ವಿಚಿತ್ರ ಇರುವುದು ಗೋಡೆಯಲ್ಲಿ. ಗೋಡೆಯ ಗಾರೆ ಕೆರೆದು ಕಲ್ಲು ಕಾಣಿಸುವಂತೆ ಮಾಡಿರುತ್ತಾರೆ, ಅದೇ ‘ಅಸಲಿ’ ಎಂದು. ಆದರೆ ಆ ಮನೆಗಳಲ್ಲಿ ಎಷ್ಟೋ ಸುಣ್ಣದ ಗಾರೆ ಬಳಿದುಕೊಂಡೇ ಇದ್ದವು. ಸಂದಿಗೊಂದಿಯ ಒರಟು ಕಲ್ಲನ್ನು ಮಳೆ ಚಳಿಯಿಂದ ಕಾಪಾಡಲು ಗಾರೆ ಬೇಕೇಬೇಕು. ಗಾರೆ ಬಳಿಸಲಾಗದ್ದು ಬಡತನದ ಗುರುತಾಗಿತ್ತು. ಈಗ ಕೊಂಡವನು ಸಾವಿರಾರು ಯೂರೋ ತೆತ್ತು ಆ ಗುರುತನ್ನು ಹೊಸದಾಗಿ ಮಾಡಿಸಿಕೊಳ್ಳುತ್ತಾನೆ. ಒಕ್ಕಲಿನವಳು ನಾಚಿ ಮುಚ್ಚಿದ್ದನ್ನು ಇವನು ಮೆಚ್ಚಿ ಬಿಚ್ಚುತ್ತಾನೆ.

ಇದಕ್ಕೂ ಮುಂದೆ ಹೋದವರಿದ್ದಾರೆ. ಅಬ್ರುಜ್ಜೋ ಬೆಟ್ಟಗಳಲ್ಲಿ ಸಾಂತೋ ಸ್ತೆಫಾನೋ ದಿ ಸೆಸ್ಸಾನಿಯೋ ಎಂಬ, ಬಹುಪಾಲು ಖಾಲಿಯಾಗಿದ್ದ ಮಧ್ಯಯುಗದ ಊರಿದೆ. ದಾನಿಯೆಲೆ ಕಿಲ್‌ಗ್ರೆನ್ ಎಂಬ ಸ್ವೀಡಿಷ್ ಮೂಲದ ಇಟಾಲಿಯನ್ ಅಲ್ಲಿನ ಹಲವು ಮನೆಗಳನ್ನು ಕೊಂಡು, ಊರಿನ ತುಂಬ ಹರಡಿಕೊಂಡ ಒಂದು ಹೋಟೆಲು ಮಾಡಿದ. ಕೋಣೆಗಳು ಬೇರೆಬೇರೆ ಮನೆಗಳಲ್ಲಿ. ಅವನು ಹೊಸ ಕಟ್ಟಡ ಬೇಡವೆಂದ, ಹಳೆಯ ಮರ, ಹಳೆಯ ಮಂಚ, ಕೈಮಗ್ಗದ ಹೊದಿಕೆ ಹುಡುಕಿ ತಂದ. ಗೋಡೆಗಳ ಮೇಲಿನ ಒಲೆಯ ಮಸಿಯನ್ನು ಕೂಡ ಒರೆಸದೆ ಉಳಿಸಿದ. ಸಂರಕ್ಷಣೆಯ ದೃಷ್ಟಿಯಿಂದ ಇದು ಪ್ರಾಮಾಣಿಕ ಕೆಲಸ, ಈಜುಕೊಳದವರಿಗಿಂತ ನೂರು ಪಾಲು ಮೇಲು. ಊರಿಗೆ ಮತ್ತೆ ಜೀವ ಬಂದದ್ದೂ ನಿಜ. ಆದರೂ ಆ ಮಸಿಯ ವಿಚಾರ ಬಂದಾಗ ನನ್ನ ಮನಸ್ಸು ತಡೆಯುತ್ತದೆ. ಅದು ಗೋಡೆಗೆ ಹತ್ತಿದಷ್ಟೇ ಒಬ್ಬ ಹೆಂಗಸಿನ ಪುಪ್ಪುಸಕ್ಕೂ ಹತ್ತಿತ್ತು. ಹೊಗೆಗೊಳವೆ ಇಲ್ಲದ ಅಡುಗೆಮನೆಯಲ್ಲಿ ಕಣ್ಣುಜ್ಜಿಕೊಳ್ಳುವ ಅಜ್ಜಿಯರನ್ನು ನೋಡಿ ಬೆಳೆದ ನಮ್ಮಂಥವರಿಗೆ ಮಸಿಯನ್ನು ಬರೀ ‘ಕಾಲದ ಬಣ್ಣ’ ಎಂದು ನೋಡುವುದು ಆಗುವುದಿಲ್ಲ. ಇನ್ನು ದಕ್ಷಿಣದ ಮಾತೇರಾ ಇದೆ. ಅದರ ಗುಹೆಮನೆಗಳು ರಾಷ್ಟ್ರದ ಅವಮಾನ ಎನ್ನಿಸಿಕೊಂಡು, 1952ರ ಕಾನೂನಿನಿಂದ ಸುಮಾರು 15,000 ಜನರನ್ನು ಅಲ್ಲಿಂದ ಹೊರಗೆ ಸಾಗಿಸಲಾಯಿತು. 1993ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು. ಹೇಸರಗತ್ತೆಯ ಜೊತೆ ಮಕ್ಕಳು ಮಲಗುತ್ತಿದ್ದ ಗುಹೆಗಳಲ್ಲಿ ಇಂದು ದುಬಾರಿ ಹೋಟೆಲುಗಳಿವೆ.

ಮಸಿ ಒರೆಸಬೇಕಿತ್ತೇ ಹಾಗಾದರೆ? ಅದೂ ಅಲ್ಲ. ಒರೆಸಿ ಬಿಳಿ ಬಳಿದರೆ ಆ ಹೆಂಗಸು ಇದ್ದಳೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಗುತ್ತದೆ. ಇಲ್ಲಿ ಇಟಲಿಯವರೇ ಯೋಚಿಸಿಟ್ಟ ಒಂದು ದಾರಿ ನನಗೆ ಇಷ್ಟವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ವಿಯೊಲೆ-ಲ-ದ್ಯೂಕ್ ಹಳೆಯ ಕಟ್ಟಡವನ್ನು ಅದು ಎಂದೂ ಇಲ್ಲದಷ್ಟು ಪೂರ್ಣಗೊಳಿಸಬಹುದು ಎಂದ. ಇಂಗ್ಲೆಂಡಿನ ರಸ್ಕಿನ್ ಜೀರ್ಣೋದ್ಧಾರವೆಂಬುದೇ ಸುಳ್ಳು, ಕಟ್ಟಡ ಸತ್ತವರಿಗೂ ಸೇರಿದ್ದು, ಮುಟ್ಟಬೇಡಿ ಎಂದ. ಈ ಜಗಳದ ನಡುವಿಂದ ದಾರಿ ಮಾಡಿದವನು ರೋಮಿನ ಜೀರ್ಣೋದ್ಧಾರ ಸಂಸ್ಥೆಯ ಮೊದಲ ನಿರ್ದೇಶಕ ಚೇಸರೆ ಬ್ರಾಂದಿ. ಅಳಿಸಿಹೋದ ಚಿತ್ರದ ಭಾಗವನ್ನು ತುಂಬಲು ಅಲ್ಲಿ ತೆಳುವಾದ ಲಂಬ ಗೆರೆಗಳನ್ನು ಎಳೆಯುತ್ತಾರೆ. ದೂರದಿಂದ ನೋಡಿದರೆ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಗೆರೆಗಳು ಕಂಡು, ಇಷ್ಟು ಭಾಗ ನಾವು ತುಂಬಿದ್ದು ಎಂದು ಒಪ್ಪಿಕೊಳ್ಳುತ್ತವೆ. ಮನೆಗೂ ಇದು ಸಾಧ್ಯ ಅನ್ನಿಸುತ್ತದೆ. ಬಚ್ಚಲು ಹೊಸದು ಎಂದು ಬಚ್ಚಲೇ ಹೇಳಲಿ, ಕೊಟ್ಟಿಗೆ ತಾನು ಕೊಟ್ಟಿಗೆಯಾಗಿದ್ದೆ ಎಂದು ಹೇಳಲಿ, ಇಲ್ಲದ ಪುರಾತನವನ್ನು ಗಾರೆ ಕೆರೆದು ಸೃಷ್ಟಿಸುವುದು ಬೇಡ.

ಇದು ಬರೀ ಸೌಂದರ್ಯದ ಮಾತಲ್ಲ, ಜೀವದ ಮಾತೂ ಹೌದು. ನಡು ಇಟಲಿ ಭೂಕಂಪದ ನೆಲ. ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಹಳೆಯ ಕಲ್ಲುಮನೆಗಳನ್ನು ‘ಆಧುನಿಕ’ಗೊಳಿಸುವಾಗ ಮರದ ತೊಲೆ ಜಂತೆಗಳನ್ನು ಕಿತ್ತು ಕಾಂಕ್ರೀಟಿನ ಮಾಡು, ಗೋಡೆಯ ನೆತ್ತಿಗೆ ಕಾಂಕ್ರೀಟಿನ ಪಟ್ಟಿ ಹಾಕುವುದು ರೂಢಿಯಾಯಿತು. ಗಟ್ಟಿ ಅಂದುಕೊಂಡು ಮಾಡಿದ್ದು. ಆದರೆ ಅದರ ಕೆಳಗಿನ ಗೋಡೆ ಸುಣ್ಣ ಮಣ್ಣಿನಲ್ಲಿ ಕೂಡಿಸಿದ ಉಂಡೆಗಲ್ಲಿನದು. 1997ರ ಉಂಬ್ರಿಯಾ–ಮಾರ್ಕೆ ಭೂಕಂಪದಲ್ಲಿ, ಮತ್ತೆ 2016ರಲ್ಲಿ, ಅಂಥ ಭಾರದ ಮಾಡುಗಳು ದುರ್ಬಲ ಗೋಡೆಗಳನ್ನು ತಳ್ಳಿ ಇಡಿಯಾಗಿ ಕೆಳಗೆ ಬಂದದ್ದನ್ನು ಎಂಜಿನಿಯರುಗಳು ಕಂಡರು. 2016ರ ಆಗಸ್ಟ್ 24ರ ಬೆಳಗಿನ ಜಾವ 3.36ಕ್ಕೆ ಅಮಾತ್ರಿಚೆ ಮತ್ತು ಸುತ್ತಲ ಊರುಗಳಲ್ಲಿ ಸತ್ತವರು 299 ಮಂದಿ. ಅವರಲ್ಲಿ ಅನೇಕರು ಬೇಸಿಗೆ ಕಳೆಯಲು ಅಜ್ಜ ಅಜ್ಜಿಯ ಊರಿಗೆ ಬಂದವರು. ಹತ್ತಿರದ ನೊರ್ಚಿಯಾದಲ್ಲಿ ಹಿಂದಿನ ಭೂಕಂಪಗಳ ನಂತರ ಗೋಡೆಗಳನ್ನೇ ಬಲಪಡಿಸಿದ್ದರಿಂದ ಆ ರಾತ್ರಿ ಮನೆಗಳು ನಿಂತವು. ಹಳೆಯದು ಹೇಗೆ ನಿಂತಿದೆ ಎಂದು ಅರಿಯದೆ ಅದರ ತಲೆಯ ಮೇಲೆ ಹೊಸತನ್ನು ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಹುಡುಕುವುದಿಲ್ಲ.

ಈಗ ಬಾಕಿಯ ಪ್ರಶ್ನೆಗೆ ಬರುತ್ತೇನೆ. ಲಾಕ್ ಎಂಬ ತತ್ವಜ್ಞಾನಿಯ ಪ್ರಕಾರ ಯಾರು ತನ್ನ ದುಡಿಮೆಯನ್ನು ಒಂದು ವಸ್ತುವಿಗೆ ಬೆರೆಸುತ್ತಾನೋ ವಸ್ತು ಅವನದು. ಈ ವಾದವನ್ನು ಮನೆ ಕೊಂಡವರು ಬಹಳ ಇಷ್ಟಪಡುತ್ತಾರೆ. ನಾವು ಬೆವರು ಸುರಿಸಿ ಈ ಪಾಳನ್ನು ಮನೆ ಮಾಡಿದೆವು, ಆದ್ದರಿಂದ ಬರೀ ಕಾಗದದ ಮೇಲಲ್ಲ, ನಿಜವಾಗಿಯೂ ನಮ್ಮದು ಎನ್ನುತ್ತಾರೆ. ಆದರೆ ವಾದವನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ದರೆ ಅದೇ ಎಡವುತ್ತದೆ. ತಲೆಮಾರುಗಟ್ಟಲೆ ಬೆವರು ಬೆರೆಸಿದ ಒಕ್ಕಲಿಗೆ ಮನೆ ಯಾಕೆ ಸೇರಲಿಲ್ಲ? ಧಣಿ ಮಾರಿದ, ಇವನು ಕೊಂಡ, ಬೆವರು ಸುರಿಸಿದವರು ಆ ಕ್ರಯಪತ್ರದಲ್ಲಿ ಎಲ್ಲೂ ಇಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಎಷ್ಟೇ ಅರೆಕೊರೆಯಾಗಿದ್ದರೂ ಉಳುವವನಿಗೆ ಹೊಲದ ಮೇಲೆ ಹಕ್ಕು ಕೇಳುವ ಒಂದು ಅರ್ಜಿಯನ್ನಾದರೂ ಕೊಟ್ಟಿತು. ಟಸ್ಕನಿಯ ಗುಡ್ಡದಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಹೊರಡುವ ದಾರಿ.

ಕನ್ನಡದಲ್ಲಿ ಇದನ್ನು ಯೋಚಿಸುವಾಗ ನಮ್ಮದೊಂದು ಪದ ಕೈಹಿಡಿಯುತ್ತದೆ. ಹೊಸ ಮನೆಗೆ ಹೋಗುವುದನ್ನು ನಾವು ‘ಮನೆ ಒಕ್ಕಲು’ ಎನ್ನುತ್ತೇವೆ. ‘ಒಕ್ಕಲು’ ಎಂದರೆ ಗೇಣಿದಾರ, ಸಂಸಾರ, ನೆಲೆಸಿರುವವನು. ಅದಕ್ಕೇ ‘ಒಕ್ಕಲೆಬ್ಬಿಸು’ ಎಂದರೆ ಎತ್ತಂಗಡಿ. ಸ್ವಂತ ದುಡ್ಡಿನಲ್ಲಿ ಸ್ವಂತ ಹೆಸರಿಗೆ ಕಟ್ಟಿಸಿದ ಮನೆಗೂ ನಾವು ಒಡೆಯರಾಗಿ ಹೋಗುವುದಿಲ್ಲ, ಒಕ್ಕಲಾಗಿ ಹೋಗುತ್ತೇವೆ. ಅದರ ಜೊತೆಗೇ ‘ಋಣ’ ಇದೆ. ಆ ಊರಿನ ನೀರಿನ ಋಣ, ಆ ಮನೆಯ ಅನ್ನದ ಋಣ. ಸಾಲಕ್ಕೆ ರಸೀದಿ ಇದೆ, ತೀರಿಸಿದರೆ ಮುಗಿಯಿತು. ಋಣಕ್ಕೆ ರಸೀದಿಯಿಲ್ಲ, ಅದು ತೀರುವುದು ನಾವು ಆ ಜಾಗ ಬಿಟ್ಟಾಗ. ಕ್ರಯ ಸಾಲದ ಲೋಕಕ್ಕೆ ಸೇರಿದ್ದು. ಒಕ್ಕಲಾಗುವುದು ಋಣದ ಲೋಕಕ್ಕೆ. ಕೊಂಡವನ ಎಡವಟ್ಟು ಇರುವುದು ಕೊಂಡದ್ದರಲ್ಲಿ ಅಲ್ಲ, ಮೊದಲನೆಯದು ಮುಗಿದಾಗ ಎರಡನೆಯದೂ ಮುಗಿಯಿತು ಅಂದುಕೊಳ್ಳುವುದರಲ್ಲಿ.

ಇದನ್ನು ಭಾವುಕತೆ ಅನ್ನಬಹುದಿತ್ತು, ಇಟಲಿಯ ಕಾನೂನಿನಲ್ಲೇ ಇದರ ಒಂದು ಎಳೆ ಇರದಿದ್ದರೆ. ಅಲ್ಲಿ ಕೃಷಿ ಜಮೀನು ಮಾರುವಾಗ ಪಕ್ಕದ ಜಮೀನಿನಲ್ಲಿ ಸ್ವತಃ ಬೇಸಾಯ ಮಾಡುವ ಮಾಲೀಕ ರೈತನಿಗೆ ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕಿದೆ. 1965 ಮತ್ತು 1971ರ ಕಾನೂನುಗಳು ಕೊಟ್ಟದ್ದು. ಅವನಿಗೆ ತಿಳಿಸದೆ ಮಾರಿದರೆ, ನೋಂದಣಿಯಾದ ಒಂದು ವರ್ಷದೊಳಗೆ ಅವನು ಬಂದು ಅದೇ ಬೆಲೆ ಕೊಟ್ಟು ಹೊಸ ಮಾಲೀಕನಿಂದಲೇ ಬಿಡಿಸಿಕೊಳ್ಳಬಹುದು. ಹೊರಗಿನಿಂದ ಬಂದು ಹೊಲದ ಸಮೇತ ಮನೆ ಕೊಳ್ಳುವವರಿಗೆ ಸಲಹೆಗಾರರು ಇದನ್ನು ಒಂದು ‘ಅಪಾಯ’ ಎಂದು ವಿವರಿಸುತ್ತಾರೆ. ನೆರೆಯವನ ಹಕ್ಕು ಯಾರಿಗೆ ಅಪಾಯವಾಗಿ ಕಾಣುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ವಾದವನ್ನು ಅದರ ಪೂರ್ಣ ಬಲದಲ್ಲಿ ಕೇಳಬೇಕು. ಒಂದು ಹೆಂಚು ಜಾರಿದರೆ ನೀರು ತೊಲೆಗೆ ಇಳಿಯುತ್ತದೆ, ತೊಲೆ ಕೊಳೆತರೆ ಮಾಡು ಹೋಗುತ್ತದೆ, ಮಾಡು ಹೋದ ಮನೆ ಕೆಲವೇ ಮಳೆಗಾಲಗಳಲ್ಲಿ ಕಲ್ಲಿನ ರಾಶಿ. ಋಣದ ಬಗ್ಗೆ ಪ್ರಬಂಧ ಬರೆಯುವವರಿಂದ ಹೆಂಚು ನಿಲ್ಲುವುದಿಲ್ಲ, ದುಡ್ಡು ತಂದವನಿಂದ ನಿಲ್ಲುತ್ತದೆ. ಅವನಿಂದ ಊರಿನ ಗಾರೆ ಕೆಲಸದವನಿಗೆ ಕೂಲಿ, ಕಾಫಿ ಅಂಗಡಿಗೆ ಒಬ್ಬ ಗಿರಾಕಿ. ಬಿಟ್ಟುಹೋದವರ ವಾರಸುದಾರರೇನು ಬಂದು ನೋಡುತ್ತಾರೆಯೇ? ಇಟಲಿಯ ಕಾನೂನಿನಲ್ಲಿ ಆಸ್ತಿಯ ಒಂದು ಪಾಲು ಮಕ್ಕಳಿಗೆ ಹೋಗಲೇಬೇಕು. ಉಯಿಲಿನಿಂದ ಅದನ್ನು ತಪ್ಪಿಸಲಾಗದು. ಹಾಗಾಗಿ ಎರಡು ಕೋಣೆಯ ಮನೆಗೆ ಎರಡು ತಲೆಮಾರಿನಲ್ಲಿ ಹತ್ತು ಹದಿನೈದು ಹಿಸ್ಸೆದಾರರು, ಒಬ್ಬರು ಬ್ಯೂನಸ್ ಐರಿಸ್‌ನಲ್ಲಿ, ಇನ್ನೊಬ್ಬರು ಮೆಲ್ಬರ್ನ್‌ನಲ್ಲಿ. ಎಲ್ಲರೂ ಸಹಿ ಹಾಕದೆ ಇಡೀ ಮನೆ ಮಾರುವಂತಿಲ್ಲ. ಪಿತ್ರಾರ್ಜಿತದ ಜಗಳದಲ್ಲಿ ಬೀಗ ಬಿದ್ದ ಮನೆಗಳು ನಮ್ಮ ಊರುಗಳಲ್ಲೂ ಇವೆ, ವಿವರಿಸಬೇಕಾಗಿಲ್ಲ. ಒಬ್ಬ ಹೊರಗಿನವನು ಬಂದು ಈ ಗಂಟು ಬಿಚ್ಚುವುದಾದರೆ ಬಿಚ್ಚಲಿ ಎನ್ನುವ ಮೇಯರನನ್ನು ಹಾಸ್ಟೆಲಿನಲ್ಲಿ ಕೂತು ಗೇಲಿ ಮಾಡುವುದು ನನಗೆ ಸರಿಕಾಣದು. ಈ ವಾದ ಬಹುಮಟ್ಟಿಗೆ ನಿಜ. ಕೊಂಡವನು ಖಳನಾಯಕನಲ್ಲ. ವರ್ಷಕ್ಕೆ ಮೂರು ವಾರ ಮಾತ್ರ ತೆರೆಯುವ ಮನೆಗಿಂತ ವರ್ಷವಿಡೀ ಒಲೆ ಉರಿಯುವ ಮನೆ ಊರಿಗೆ ಹೆಚ್ಚು ಎಂಬುದಷ್ಟೇ ನನ್ನ ತಿದ್ದುಪಡಿ.

ಆದರೆ ವಾದದ ಬುಡದಲ್ಲಿ ಒಂದು ಮಾತು ಅಡಗಿದೆ: ಊರಿಗೆ ಜನ ಬೇಕು. ಯಾವ ಜನ? 1998ರಲ್ಲಿ ಕಲಾಬ್ರಿಯಾದ ರಿಯಾಚೆ ಎಂಬ ಊರಿನ ಕರಾವಳಿಗೆ ಕುರ್ದಿಷ್ ನಿರಾಶ್ರಿತರ ದೋಣಿಯೊಂದು ಬಂತು. ಊರಿನ ಅರ್ಧಕ್ಕರ್ಧ ಮನೆಗಳು ವಲಸೆ ಹೋದವರದು, ಖಾಲಿ. ದೊಮೇನಿಕೋ ಲುಕಾನೋ ಎಂಬ ಶಾಲಾ ಮೇಷ್ಟರು, ಮುಂದೆ ಮೇಯರ್ ಆದವರು, ಆ ಮನೆಗಳನ್ನು ಬಂದವರಿಗೆ ತೆರೆಯುವ ಕೆಲಸಕ್ಕೆ ಕೈಹಾಕಿದರು. ಮಕ್ಕಳು ಬಂದದ್ದರಿಂದ ಶಾಲೆ ಉಳಿಯಿತು, ಹಳೆಯ ಕಸುಬುಗಳ ಮಳಿಗೆಗಳು ಬಾಗಿಲು ತೆರೆದವು. ಖಾಲಿ ಮನೆ, ಹೊರಗಿನವರು, ಸಾಯುತ್ತಿದ್ದ ಊರು: ಸೂತ್ರ ಸಂಬೂಕಾದ್ದೇ. 2018ರಲ್ಲಿ ಲುಕಾನೋ ಬಂಧನವಾಯಿತು. 2021ರಲ್ಲಿ ನ್ಯಾಯಾಲಯ ಅನುದಾನದ ದುರ್ಬಳಕೆ ಮುಂತಾದ ಆರೋಪಗಳಲ್ಲಿ 13 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಕೊಟ್ಟಿತು. 2023ರ ಮೇಲ್ಮನವಿಯಲ್ಲಿ ಬಹುತೇಕ ಆರೋಪಗಳು ಬಿದ್ದು, ಅದು ಹದಿನೆಂಟು ತಿಂಗಳ ಅಮಾನತು ಶಿಕ್ಷೆಗೆ ಇಳಿಯಿತು. 2024ರಲ್ಲಿ ಊರಿನವರು ಅವರನ್ನು ಮತ್ತೆ ಮೇಯರ್ ಮಾಡಿದರು. ಲೆಕ್ಕಪತ್ರದ ತಪ್ಪುಗಳೇನಿದ್ದವೋ ನ್ಯಾಯಾಲಯ ನೋಡಿದೆ. ನನಗೆ ಕಾಣುವುದು, ಒಬ್ಬ ಹೊರಗಿನವನ ಬರವು ಟಿವಿ ಕಾರ್ಯಕ್ರಮವಾಗುತ್ತದೆ, ಇನ್ನೊಬ್ಬನದು ಮೊಕದ್ದಮೆಯಾಗುತ್ತದೆ.

ನಮ್ಮವರೂ ಈ ಕಥೆಯಲ್ಲಿದ್ದಾರೆ, ಅದು ಜಾಹೀರಾತುಗಳಲ್ಲಿ ಕಾಣುವುದಿಲ್ಲ. ಪೋ ನದಿಯ ಬಯಲಿನ ಹಾಲಿನ ಫಾರಂಗಳಲ್ಲಿ, ಜಗತ್ಪ್ರಸಿದ್ಧ ಪಾರ್ಮಾ ಚೀಸಿಗೆ ಹಾಲು ಕೊಡುವ ಕೊಟ್ಟಿಗೆಗಳಲ್ಲಿ, ದಶಕಗಳಿಂದ ಪಂಜಾಬಿನ ಸಿಖ್ಖರು ದುಡಿಯುತ್ತಿದ್ದಾರೆ. ರೆಜ್ಜೋ ಎಮಿಲಿಯಾ ಬಳಿಯ ನೊವೆಲ್ಲಾರಾದಲ್ಲಿ 2000ದಲ್ಲಿ ತೆರೆದ ದೊಡ್ಡ ಗುರುದ್ವಾರವೇ ಇದೆ. ಇಟಾಲಿಯನ್ ಹುಡುಗರು ಬಿಟ್ಟ ಬೆಳಗಿನ ಜಾವದ ಹಾಲು ಕರೆಯುವ ಕೆಲಸ ಇವರದಾಯಿತು. ಕೆಲಸದ ಜೊತೆ ಅನೇಕರಿಗೆ ವಾಸಕ್ಕೆ ಸಿಕ್ಕಿದ್ದು ಫಾರಮ್ಮಿನ ಅಂಗಳದ ಹಳೆಯ ಆಳುಮನೆಗಳು, ಓಲ್ಮಿಯ ಸಿನಿಮಾದ ಕುಟುಂಬ ಖಾಲಿ ಮಾಡಿದಂಥವೇ. ಇದು ಇದ್ದುದರಲ್ಲಿ ಒಳ್ಳೆಯ ಮುಖ. ರೋಮಿನ ದಕ್ಷಿಣಕ್ಕೆ, ಮುಸೊಲಿನಿಯ ಕಾಲದಲ್ಲಿ ಜೌಗು ಬತ್ತಿಸಿ ಉತ್ತರದ ಬಡ ಕುಟುಂಬಗಳನ್ನು ತಂದು ನೆಲೆಗೊಳಿಸಿದ ಲಾತೀನಾ ಸೀಮೆ ಇದೆ. 2024ರ ಜೂನಿನಲ್ಲಿ ಅಲ್ಲಿನ ಹೊಲವೊಂದರಲ್ಲಿ ಕಾಗದಪತ್ರವಿಲ್ಲದೆ ದುಡಿಯುತ್ತಿದ್ದ ಸತ್ನಾಮ್ ಸಿಂಗ್ ಎಂಬ ಪಂಜಾಬಿನವರ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯುವ ಬದಲು ಅವರನ್ನು ಅವರ ಮನೆಯ ಮುಂದೆ ಇಳಿಸಿ ಹೋಗಲಾಯಿತು. ತುಂಡಾದ ತೋಳು ಹಣ್ಣಿನ ಪೆಟ್ಟಿಗೆಯಲ್ಲಿತ್ತು. ಎರಡು ದಿನದ ಮೇಲೆ ಅವರು ತೀರಿಕೊಂಡರು. ಇದರ ಪಕ್ಕದಲ್ಲಿ ಯಾವ ವಾದವನ್ನಿಡಲೂ ನನಗೆ ಮನಸ್ಸಾಗುವುದಿಲ್ಲ.

ಯೂರೋಪ್ ಒಕ್ಕೂಟದ ಹೊರಗಿನವರು ಇಟಲಿಯಲ್ಲಿ ಮನೆ ಕೊಳ್ಳುವ ಬಗ್ಗೆ ಅಲ್ಲಿನ ಕಾನೂನಿನಲ್ಲಿ ಒಂದು ಕೊಡು–ಕೊಳ್ಳು ನಿಯಮವಿದೆ. ನಿಮ್ಮ ದೇಶ ಇಟಲಿಯವರಿಗೆ ಕೊಳ್ಳಲು ಬಿಟ್ಟರೆ ಇಟಲಿ ನಿಮಗೆ ಬಿಡುತ್ತದೆ. ಭಾರತವೋ, ಇಲ್ಲಿ ವಾಸವಿಲ್ಲದ, ಭಾರತೀಯ ಮೂಲದವರಲ್ಲದ ವಿದೇಶಿಯರಿಗೆ ಸಾಮಾನ್ಯವಾಗಿ ಸ್ಥಿರಾಸ್ತಿ ಕೊಳ್ಳಲು ಬಿಡುವುದಿಲ್ಲ. ಹಾಗಾಗಿ ರಾತ್ರಿ ಜಾಹೀರಾತು ನೋಡುವ ನನ್ನಂಥವರ ಕನಸು ದುಡ್ಡಿನ ಮಾತು ಬರುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅಲ್ಲಿ ಕ್ರಮಬದ್ಧ ವಾಸದ ಪರವಾನಗಿ ಇರುವವರಿಗೆ ಈ ನಿಯಮದ ಅಡ್ಡಿಯಿಲ್ಲ. ಎಂದರೆ ಇಪ್ಪತ್ತು ವರ್ಷ ಲೊಂಬಾರ್ದಿಯಾದ ಹಸುಗಳ ಹಾಲು ಕರೆದ ಜಲಂಧರಿನವನೊಬ್ಬ ತಾನು ಆಳಾಗಿ ಇದ್ದ ಅಂಗಳದ ಮನೆಯನ್ನೇ ಒಂದು ದಿನ ಕೊಳ್ಳಬಹುದು. ಅವನು ಗೋಡೆಯ ಗಾರೆ ಕೆರೆಯಲಾರ ಎಂದು ನನ್ನ ಊಹೆ. ಹೊಸ ಗಾರೆ ಬಳಿಸುತ್ತಾನೆ, ಮಸಿ ಕಾಣದ ಹಾಗೆ ಗಾಢ ಬಣ್ಣ ಹೊಡೆಸುತ್ತಾನೆ, ಎಲ್ಲಕ್ಕಿಂತ ಮೊದಲು ಬಿಸಿನೀರಿನ ಬಚ್ಚಲು ಕಟ್ಟಿಸುತ್ತಾನೆ. ಅಂಗಳದಲ್ಲಿ ಮಕ್ಕಳ ಸೈಕಲ್ಲು, ತಂತಿಯ ಮೇಲೆ ಒಣಗುವ ಪಗಡಿ. ಆ ಮನೆಯ ಫೋಟೋ ಯಾವ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಅಲ್ಲಿ ವರ್ಷವಿಡೀ ಒಲೆ ಉರಿಯುತ್ತಿರುತ್ತದೆ.